ಎದುರಾದಾಗ ಎಡವೇ ಬಲ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕ್ರೀಡಾವರದಿಗೆಂದು ಪ್ರತಿವರ್ಷವೂ ಒಂದೆರಡು ಪುಟಗಳು ಮೀಸಲು. ಕಬಡ್ಡಿ, ಖೊ-ಖೊ, ವಾಲಿಬಾಲ್, ಗುಂಡು ಎಸೆತ, ಇವುಗಳ ಆಚೆಗೂ ಆಟಗಳುಂಟೆಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಆದ್ದರಿಂದ ನಾನು ಹೇಳಹೊರಟಿರುವ ಪಂದ್ಯದ ಹೆಸರನ್ನು ಕೇಳಿದೊಡನೆ ವಾಚಕರು ನಕ್ಕರೆ ಅದು ಸಹಜವೇ. ಅದು ರೇಡಿಯೊ ನಿಯಂತ್ರಿತ ಪುಟ್ಟ ಹೆಲಿಕಾಪ್ಟರುಗಳ ಕಸರತ್ತಿನ ವಿಶ್ವ ಚಾಂಪಿಯನ್‌ಷಿಪ್. 2019ರಲ್ಲಿ ಜರ್ಮನಿಯ ಬ್ಯಾಲೆನ್‌ಸ್ಟೆಟ್ ಎಂಬ ಊರಿನಲ್ಲಿ ನಡೆದ ಪಂದ್ಯದ ಚಿತ್ರಗಳನ್ನು ಹಾಸ್ಟೆಲಿನ ಗೆಳೆಯನೊಬ್ಬ ತನ್ನ ಮೊಬೈಲಿನಲ್ಲಿ ತೋರಿಸಿದಾಗ ನಾನೂ ನಕ್ಕು, "ಆಟದ ಸಾಮಾನಿಗೂ ಒಂದು ವಿಶ್ವಪಂದ್ಯವೇನಯ್ಯಾ?" ಎಂದೆ. ಆತ ಉತ್ತರ ಕೊಡಲಿಲ್ಲ. "ಇನ್ನೊಂದು ಸಲ ನೋಡು" ಎಂದ. ಅಂದಿನಿಂದ ಎಷ್ಟು ಸಲ ನೋಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

ಈ ಪಂದ್ಯವನ್ನು ನಡೆಸುವ ಸಂಸ್ಥೆ ಸಾಮಾನ್ಯವಾದುದಲ್ಲ. 1905ರಲ್ಲಿ ಸ್ಥಾಪಿತವಾಗಿ ಇಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ನೆಲೆಗೊಂಡಿರುವ ಅಂತರರಾಷ್ಟ್ರೀಯ ವಿಮಾನಯಾನ ಒಕ್ಕೂಟವೇ ಇದಕ್ಕೂ ಒಡೆಯ. ಮನುಷ್ಯರು ಕುಳಿತು ಹಾರುವ ವಿಮಾನಗಳ ದಾಖಲೆಗಳನ್ನು ಬರೆದಿಡುವ ಕೈಯೇ ಈ ಪುಟ್ಟ ಯಂತ್ರಗಳ ಅಂಕಗಳನ್ನೂ ಬರೆದಿಡುತ್ತದೆ. ಹೆಲಿಕಾಪ್ಟರ್ ಕಸರತ್ತಿನ ವರ್ಗಕ್ಕೆ ಎಫ್-3-ಸಿ ಎಂದು ಹೆಸರು. ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೆನಡಾದಲ್ಲಿ 1985ರಲ್ಲಿ ಜರುಗಿತು.

ಮಾದರಿ ವಿಮಾನಗಳು ಬಹು ಹಿಂದಿನವು. ಮಾದರಿ ಹೆಲಿಕಾಪ್ಟರ್ ಅಷ್ಟು ಹಳೆಯದಲ್ಲ. ಇದಕ್ಕೆ ಕಾರಣವುಂಟು. ವಿಮಾನಕ್ಕೆ ಹಾರುವುದೇ ಸ್ವಭಾವ. ಕೈಬಿಟ್ಟರೂ ಸ್ವಲ್ಪ ದೂರ ತಾನೇ ತೇಲುತ್ತದೆ. ಹೆಲಿಕಾಪ್ಟರಿನದು ಬೇರೆಯೇ ಪ್ರಕೃತಿ. ಮೇಲಿನ ರೆಕ್ಕೆಗಳು ಒಂದು ಕಡೆಗೆ ತಿರುಗಿದರೆ ಒಡಲು ಮತ್ತೊಂದು ಕಡೆಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯಲೆಂದೇ ಬಾಲದ ತುದಿಯಲ್ಲಿ ಇನ್ನೊಂದು ಚಿಕ್ಕ ಪಂಖ. ಒಂದನ್ನು ಸರಿಪಡಿಸಹೋದರೆ ಮತ್ತೊಂದು ಕೆಡುತ್ತದೆ. ಜರ್ಮನಿಯ ಡೀಟರ್ ಶ್ಲೂಟರ್ ಎಂಬಾತ 1960ರ ದಶಕದ ಕೊನೆಯಲ್ಲಿ ಹಟತೊಟ್ಟು ದುಡಿದು, ಮಾತು ಕೇಳುವ ಮಾದರಿ ಹೆಲಿಕಾಪ್ಟರನ್ನು ಹಾರಿಸಿ ತೋರಿಸಿದ ಮೇಲೆಯೇ ಈ ಆಟಕ್ಕೆ ಬುನಾದಿ ಬಿದ್ದದ್ದು. ಅನಂತರ ಜಪಾನಿನವರು ಇದನ್ನು ಒಂದು ವಿದ್ಯೆಯಂತೆ ಸಾಧಿಸಿದರು. ಹಿರೋಷಿಮಾ ಪ್ರಾಂತದ ಫುಚು ಪಟ್ಟಣದ ಹಿರೊಬೊ ಕಂಪೆನಿಯ ಯಂತ್ರಗಳು ಲೋಕಪ್ರಸಿದ್ಧವಾದವು. ಜಪಾನಿನ ತಂಡ ಈ ಪಂದ್ಯದಲ್ಲಿ ಬಹುಕಾಲ ಎಲ್ಲರಿಗೂ ಮೀರಿದ ತಂಡವೆನಿಸಿತು.

ಇನ್ನು ಪಂದ್ಯದ ಕ್ರಮವನ್ನು ಹೇಳುತ್ತೇನೆ. ಒಂದು ದೇಶದ ತಂಡದಲ್ಲಿ ಮುಖ್ಯವಾಗಿ ಮೂವರು ಹಾರಾಟಗಾರರು. ಹಾರಿಸುವುದು ಒಬ್ಬೊಬ್ಬರಾಗಿ, ಆದರೆ ಮೂವರ ಫಲವನ್ನೂ ಕೂಡಿಸಿದರೆ ತಂಡದ ಸ್ಥಾನ. ಯಂತ್ರದ ತೂಕ ಸುಮಾರು ಐದಾರು ಕಿಲೋ, ರೆಕ್ಕೆಗಳ ಸುತ್ತಿನ ಅಗಲ ಒಂದೂವರೆ ಮೀಟರಿಗೂ ಹೆಚ್ಚು. ಆಟದ ಸಾಮಾನೆಂದು ಹತ್ತಿರ ಹೋದರೆ ಕೈ ಉಳಿಯದು. ನೆಲದ ಮೇಲೆ ಬರೆದ ವೃತ್ತದಿಂದ ಯಂತ್ರ ಏಳಬೇಕು, ಅದಕ್ಕೇ ಇಳಿಯಬೇಕು. ವೃತ್ತದ ಎಡಕ್ಕೂ ಬಲಕ್ಕೂ ಐದೈದು ಮೀಟರ್ ದೂರದಲ್ಲಿ ಬಾವುಟಗಳು. ಹಾರಾಟಗಾರ ತನ್ನ ಜಾಗದಲ್ಲಿ ನಿಂತಿರುತ್ತಾನೆ. ಅವನ ಹಿಂದೆ ತೀರ್ಪುಗಾರರ ಸಾಲು. ಪ್ರತಿಯೊಂದು ಕಸರತ್ತಿಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಕಠಿನವಾದುದಕ್ಕೆ ಹೆಚ್ಚಿನ ಗುಣಕ. ಒಂದು ಸುತ್ತಿನಲ್ಲಿ ಮೊದಲಿಗನಾದವನ ಅಂಕವನ್ನು 1000 ಎಂದಿಟ್ಟು ಉಳಿದವರಿಗೆ ಅದೇ ಪ್ರಮಾಣದಲ್ಲಿ ಹಂಚುತ್ತಾರೆ.

ಕಸರತ್ತು ಎಂದೊಡನೆ ಲಾಗ ಹಾಕುವುದೇ ನಮ್ಮ ಕಣ್ಣಿಗೆ ಬರುತ್ತದೆ. ಸುತ್ತು ಹಾಕುವುದು, ಉರುಳುವುದು, ಬೋರಲಾಗಿ ಹಾರುವುದು, ಇವೆಲ್ಲವೂ ಅಲ್ಲಿ ಉಂಟು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಲ್ಲ. ಯಂತ್ರ ಕಣ್ಣಿನ ಎತ್ತರಕ್ಕೆ ಏರಿ, ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತು, ಅಲ್ಲಿಂದ ಬಾವುಟದ ನೇರಕ್ಕೆ ಗೆರೆ ಎಳೆದಂತೆ ಸರಿದು, ಮತ್ತೆ ನಿಂತು, ನಿಂತಲ್ಲಿಯೇ ನಿಧಾನವಾಗಿ ಒಂದು ಪ್ರದಕ್ಷಿಣೆ ತಿರುಗುತ್ತದಲ್ಲ, ಅದು! ಗಾಳಿ ಬೀಸುತ್ತಿರುತ್ತದೆ, ಹುಲ್ಲು ಮಲಗುತ್ತದೆ, ಯಂತ್ರ ಮಾತ್ರ ಮಿಸುಕುವುದಿಲ್ಲ. ಇಂದಿನ ಡ್ರೋನುಗಳು ಉಪಗ್ರಹದ ಸಂಕೇತ ಹಿಡಿದು ತಾವಾಗಿಯೇ ನಿಲ್ಲಬಲ್ಲವು. ಈ ಪಂದ್ಯದಲ್ಲಿ ಅಂಥ ಸಹಾಯ ನಿಷಿದ್ಧ. ತಿರುಗುವಿಕೆಯ ವೇಗವನ್ನು ಹತೋಟಿಯಲ್ಲಿಡುವ ಉಪಕರಣ ಇರಬಹುದು. ನಿಂತ ಜಾಗವನ್ನು ಕಾಯಬೇಕಾದದ್ದು ಮಾತ್ರ ಕಣ್ಣು ಮತ್ತು ಎರಡು ಕೈಗಳು. ನೋಡುವವನಿಗೆ ಏನೂ ನಡೆಯುತ್ತಿಲ್ಲವೆಂದು ತೋರುವ ಆ ಗಳಿಗೆಯಲ್ಲಿ ಹಾರಾಟಗಾರನ ಬೆರಳುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ನಿಶ್ಚಲತೆ ಎಂಬುದು ಸೋಮಾರಿತನವಲ್ಲ, ಬಿಡುವಿಲ್ಲದ ದುಡಿಮೆ ಎಂಬುದನ್ನು ನಾನು ಅಲ್ಲಿ ಕಂಡೆ.

ಆ ಪ್ರದಕ್ಷಿಣೆಯಲ್ಲಿ ಒಂದು ಗುಟ್ಟಿದೆ. ಯಂತ್ರದ ಬಾಲ ನಮ್ಮ ಕಡೆಗಿದ್ದಾಗ ಅದರ ಎಡ ನಮ್ಮ ಎಡವೇ, ಅದರ ಬಲ ನಮ್ಮ ಬಲವೇ. ಕಲಿಯುವವರೆಲ್ಲರೂ ಹೀಗೆಯೇ ತೊಡಗುತ್ತಾರೆ. ಆದರೆ ಅದು ತಿರುಗಿ ನಮಗೆ ಮುಖಾಮುಖಿಯಾಯಿತೆನ್ನಿ. ಎಡಕ್ಕೆ ಹೋಗೆಂದರೆ ನಮ್ಮ ಬಲಕ್ಕೆ ಹೋಗುತ್ತದೆ. ಮುಂದಕ್ಕೆ ತಳ್ಳಿದರೆ ನಮ್ಮ ಮೈಮೇಲೆಯೇ ಬರುತ್ತದೆ. ಯಂತ್ರ ಬದಲಾಗಿಲ್ಲ, ಕೈ ಬದಲಾಗಿಲ್ಲ. ಮುಖ ತಿರುಗಿದೆ, ಅಷ್ಟೆ.

ಒಳಗೆ ಕುಳಿತು ಹಾರಿಸುವವರಿಗೆ ಈ ತೊಡಕಿಲ್ಲ. ನಮ್ಮ ವಾಯುಸೇನೆಯ ಸಾರಂಗ ತಂಡದ ಹೆಸರನ್ನು ಬಹುಮಂದಿ ಕೇಳಿರಬಹುದು. ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ ಧ್ರುವ ಹೆಲಿಕಾಪ್ಟರುಗಳೊಡನೆ 2003ರಲ್ಲಿ ಕಟ್ಟಿದ ಈ ತಂಡ 2004ರಲ್ಲಿ ಸಿಂಗಪುರದ ವಿಮಾನ ಪ್ರದರ್ಶನದಲ್ಲಿ ಹಾರಿತು. (ನಮಗೆ ಸಾರಂಗವೆಂದರೆ ಜಿಂಕೆ; ಅವರ ಹೆಸರಿನ ಅರ್ಥ ನವಿಲು. ಅದಕ್ಕೇ ಆ ಹೆಲಿಕಾಪ್ಟರುಗಳ ಮೇಲೆ ನವಿಲಿನ ಚಿತ್ರ.) ಆ ವೀರರ ಸಾಹಸ ಬಹು ದೊಡ್ಡದು, ಪ್ರಾಣವನ್ನೇ ಒತ್ತೆಯಿಟ್ಟ ಸಾಹಸ. ಆದರೆ ಯಂತ್ರ ಎತ್ತ ತಿರುಗಿದರೂ ಅವರೂ ಅದರೊಡನೆ ತಿರುಗುತ್ತಾರೆ. ಅವರ ಎಡ ಎಂದೂ ಎಡವೇ. ನೆಲದ ಮೇಲೆ ನಿಂತವನಿಗೆ ಮಾತ್ರ, ತಾನು ಇದ್ದಲ್ಲಿಯೇ ಇದ್ದು ಅಲ್ಲಿರುವುದರ ಕಣ್ಣಿನಿಂದ ನೋಡಬೇಕಾದ ಕಷ್ಟ.

ನಾನು ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು. ಅಪ್ಪ ಮೂರನೆಯ ತರಗತಿ, ಅವ್ವ ಹೆಬ್ಬೆಟ್ಟು. ಊರಿನಿಂದ ಹೊರಟು ಇಲ್ಲಿಗೆ ಬರುವಾಗ ದಾರಿ ನೇರವಾಗಿತ್ತು. ಬಸ್ಸು, ಹಾಸ್ಟೆಲು, ಪುಸ್ತಕ, ಪರೀಕ್ಷೆ, ಎಲ್ಲವೂ ಮುಂದಕ್ಕೇ. ರಜೆಗೆ ಊರಿಗೆ ಮರಳಿದಾಗಲೇ ವಿಚಿತ್ರ. ಇಲ್ಲಿ ವಿನಯವೆನಿಸುವ ಮಾತು ಅಲ್ಲಿ ಗರ್ವವಾಗಿ ಕೇಳಿಸುತ್ತದೆ. ಇಲ್ಲಿ ಸುಮ್ಮನಿದ್ದರೆ ಗಾಂಭೀರ್ಯ, ಅಲ್ಲಿ ಸುಮ್ಮನಿದ್ದರೆ "ಓದಿದೋನು, ನಮ್ ಜೊತೆ ಮಾತಾಡ್ತಾನಾ?" ಎಂಬ ಪ್ರಶ್ನೆ. ಅದೇ ಮಾತು, ಅದೇ ನಾಲಗೆ; ಮುಖ ಮಾತ್ರ ಮನೆಯ ಕಡೆಗೆ ತಿರುಗಿದೆ. ಮೊದಲ ತಲೆಮಾರಿನಲ್ಲಿ ಓದಲು ಬಂದ ನನ್ನ ಸಹಪಾಠಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಖಾಮುಖಿ ಹಾರಾಟ ಕಲಿಯುವವರಿಗೆ ಹಿರಿಯರು ಒಂದು ಉಪಾಯ ಹೇಳಿಕೊಡುತ್ತಾರಂತೆ. ಎಡ ಯಾವುದು, ಬಲ ಯಾವುದು ಎಂದು ಲೆಕ್ಕ ಹಾಕುತ್ತ ಕೂರಬೇಡ; ಯಂತ್ರ ಯಾವ ಕಡೆಗೆ ವಾಲುತ್ತಿದೆಯೋ ಕಡ್ಡಿಯನ್ನೂ ಅದೇ ಕಡೆಗೆ ತಳ್ಳು. ವಾಲಿದ ಬದಿಗೆ ಊರುಗೋಲು ಕೊಟ್ಟಂತೆ ಅದು ಎದ್ದು ನಿಲ್ಲುತ್ತದೆ. ಗೆಳೆಯ ಇದನ್ನು ಹೇಳಿದ ದಿನ ನಾನು ಹೆಲಿಕಾಪ್ಟರನ್ನು ಮರೆತು ನಮ್ಮ ಮನೆಯನ್ನೇ ನೆನೆದೆ.

ಇಲ್ಲಿ ಅಕ್ಕನ ವಿಷಯ ಹೇಳಬೇಕು. ಈ ಪಂದ್ಯದಲ್ಲಿ ಹಾರಾಟಗಾರನ ಪಕ್ಕದಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಅವನ ಕೈಯಲ್ಲಿ ಯಂತ್ರದ ಪೆಟ್ಟಿಗೆಯಿಲ್ಲ. ಮುಂದಿನ ಕಸರತ್ತಿನ ಹೆಸರನ್ನು ಕೂಗಿ ಹೇಳುವುದು, ಗಾಳಿಯ ಮೇಲೆ ಕಣ್ಣಿಡುವುದು, ಇವು ಅವನ ಕೆಲಸ. ಹಾರಾಟಗಾರ ಯಂತ್ರದಿಂದ ಕಣ್ಣು ಕೀಳುವಂತಿಲ್ಲವಾದ್ದರಿಂದ ಉಳಿದ ಲೋಕವನ್ನೆಲ್ಲ ಈತನೇ ನೋಡಿ ಹೇಳಬೇಕು. ಪಾರಿತೋಷಕದ ಮೇಲೆ ಅವನ ಹೆಸರು ಬರುವುದಿಲ್ಲ. ನಮ್ಮ ಅಕ್ಕ ಎಸ್.ಎಸ್.ಎಲ್.ಸಿ. ಪಾಸಾಗಿ, ನಾನು ಓದಲಿ ಎಂದು ಶಾಲೆ ಬಿಟ್ಟವಳು. ನನ್ನ ಪರೀಕ್ಷೆಯ ಕಾಲದಲ್ಲಿ ಟಿಪ್ಪಣಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪ್ರಶ್ನೆಯನ್ನು ಕೂಗುವಳು. ನಾನು ಉತ್ತರ ಹೇಳುವಾಗ ಸಾಲಿನ ಮೇಲೆ ಬೆರಳಾಡಿಸುತ್ತ ಬರುವಳು. ಒಂದು ಪದ ಬಿಟ್ಟುಹೋದರೂ ಬೆರಳು ನಿಲ್ಲುತ್ತಿತ್ತು. ಹಾಗೆ ನನ್ನ ಮೂರು ವರ್ಷಗಳ ಪಾಠ ಅವಳ ಬೆರಳಿನ ಕೆಳಗೂ ಸಾಗಿಹೋಗಿದೆ. ಪದವಿ ಮಾತ್ರ ಒಬ್ಬನಿಗೆ.

ಇದು ಸಿರಿವಂತರ ಆಟವಲ್ಲವೇ, ಇದರಿಂದ ಬಡವನಿಗೇನು ಎಂದು ಕೇಳುವವರುಂಟು. ಯಂತ್ರಗಳು ದುಬಾರಿ ಎಂಬುದು ದಿಟ. ಆದರೆ ಜಪಾನಿನಲ್ಲಿ ಈ ವಿದ್ಯೆ ಮೈದಾನದಲ್ಲೇ ನಿಲ್ಲಲಿಲ್ಲ. ಯಮಹಾ ಕಂಪೆನಿ 1987ರಲ್ಲಿಯೇ ಆರ್-50 ಎಂಬ, ದೂರದಿಂದ ನಡೆಸುವ ಹೆಲಿಕಾಪ್ಟರನ್ನು ಹೊರತಂದಿತು. ಅಲ್ಲಿನ ಬತ್ತದ ಗದ್ದೆಗಳಿಗೆ ಔಷಧಿ ಹೊಡೆಯುವ ಕೆಲಸ ಅಂಥ ಯಂತ್ರಗಳ ಪಾಲಾಯಿತು. ನಮ್ಮಪ್ಪನ ಬೆನ್ನಿನ ಮೇಲೆ ಔಷಧಿಯ ಕ್ಯಾನು ಹೊತ್ತ ಪಟ್ಟಿಯ ಗುರುತು ಎರಡು ಗೆರೆಯಾಗಿ ಉಳಿದಿದೆ. ಟೊಮ್ಯಾಟೊ ತೋಟಕ್ಕೆ ಹೊಡೆದು ಬಂದ ದಿನ ರಾತ್ರಿ ಊಟ ಸೇರುವುದಿಲ್ಲ. ಆ ಬೆನ್ನನ್ನು ನೋಡಿದವನು ಹೆಲಿಕಾಪ್ಟರಿನ ಆಟವನ್ನು ಬರಿಯ ಆಟವೆನ್ನಲಾರ.

2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನುಗಳನ್ನು ಒದಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತಷ್ಟೆ. ಡ್ರೋನ್ ಹಾರಿಸುವ ಪ್ರಮಾಣಪತ್ರಕ್ಕೆ ಹತ್ತನೆಯ ತರಗತಿ ಪಾಸಾಗಿದ್ದರೆ ಸಾಕು. ಅಕ್ಕ ಊರಿನ ಸಂಘದ ಸದಸ್ಯೆ. ತರಬೇತಿಗೆ ಹೆಸರು ಕೊಡುತ್ತೇನೆಂದಳು. ಅಪ್ಪ, "ಹೆಣ್ಮಗಳು ಅದೇನ್ ಹಾರಿಸ್ತಾಳೆ? ಬಿದ್ರೆ ಸಾಲ ಯಾರ್ ತೀರ್ಸೋರು?" ಎಂದರು. ಅವರು ವಾಲುತ್ತಿದ್ದ ಕಡೆ ನನಗೆ ಕಾಣುತ್ತಿತ್ತು: ಅದು ಸಿಟ್ಟಲ್ಲ, ಸಾಲದ ಭಯ. ಅರ್ಥಶಾಸ್ತ್ರದ ಪಾಠವನ್ನು ಪಕ್ಕಕ್ಕಿಟ್ಟು ನಾನು ಅವರ ಭಯದ ಪಕ್ಕದಲ್ಲಿಯೇ ಕುಳಿತೆ. "ಹೌದಪ್ಪ, ಬಿದ್ದರೆ ದೊಡ್ಡ ಪೆಟ್ಟೇ. ಅದು ಯಾರ ತಲೆಯ ಮೇಲೆ ಬರುತ್ತೆ ಅಂತ ಮೊದಲು ಸಂಘದಲ್ಲಿ ಕೇಳೋಣ" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಕ್ಕನ ಕಡೆ ತಿರುಗಿ, "ನಿಂಗೆ ಭಯ ಇಲ್ವೇನವ್ವ?" ಎಂದು ಕೇಳಿದರು. ಮೂರು ವರ್ಷಗಳಲ್ಲಿ ನಾನು ಕಂಡಂತೆ ನಮ್ಮ ಮನೆಯಲ್ಲಿ ಅಕ್ಕನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವಳು ಹೆಸರು ಕೊಟ್ಟಿದ್ದಾಳೆ. ಕರೆ ಇನ್ನೂ ಬಂದಿಲ್ಲ.

ಈ ಪಂದ್ಯದ ಕಟ್ಟಕಡೆಯ ಕಸರತ್ತೊಂದನ್ನು ಹೇಳಿ ಮುಗಿಸುತ್ತೇನೆ. ಯಂತ್ರ ಮೇಲಿರುವಾಗಲೇ ಶಕ್ತಿಯನ್ನು ಕಡಿದುಬಿಡುತ್ತಾರೆ. ಸದ್ದು ಅಡಗುತ್ತದೆ. ಆದರೆ ಅದು ಕಲ್ಲಿನಂತೆ ಬೀಳುವುದಿಲ್ಲ. ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತಿರುತ್ತದೆ. ನೆಲ ಹತ್ತಿರವಾದಾಗ ಆ ತಿರುಗಾಟದಲ್ಲಿ ಕೂಡಿಟ್ಟ ಬಲವನ್ನು ಒಂದೇ ಸಲ ಬಳಸಿ ವೃತ್ತದೊಳಗೆ ಮೆಲ್ಲನೆ ಇಳಿಸಬೇಕು. ಮೊದಲೇ ಬಳಸಿದರೆ ಮೇಲೆಯೇ ಮುಗಿದುಹೋಗುತ್ತದೆ. ತಡಮಾಡಿದರೆ ನೆಲಕ್ಕೆ ಬಡಿಯುತ್ತದೆ. ಎರಡನೆಯ ಅವಕಾಶವಿಲ್ಲ.

ಅಂತಿಮ ಬಿ.ಎ. ತರಗತಿಯವರಾದ ನಮಗೆ ಇನ್ನು ಕೆಲವೇ ವಾರಗಳಲ್ಲಿ ಹಾಸ್ಟೆಲಿನ ಅನ್ನ, ವಿದ್ಯಾರ್ಥಿವೇತನ, ಗುರುಗಳ ಎಚ್ಚರಿಕೆ ಎಲ್ಲವೂ ನಿಲ್ಲುತ್ತವೆ. ಈ ಮೂರು ವರ್ಷಗಳಲ್ಲಿ ನಮ್ಮೊಳಗೆ ತಿರುಗಿಬಂದದ್ದಷ್ಟೇ ನಮ್ಮ ಪಾಲಿನ ಬಲ. ಅದನ್ನು ಎಲ್ಲಿ ಇಳಿಸಬೇಕೆಂಬುದು ಅವರವರಿಗೆ ಬಿಟ್ಟದ್ದು. ನನ್ನ ಮಟ್ಟಿಗೆ ಆ ವೃತ್ತ ನಮ್ಮೂರಿನಲ್ಲಿದೆ. ಅಕ್ಕನಿಗೆ ಕರೆ ಬಂದರೆ ತರಬೇತಿಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಕೂಗುವವರು ಯಾರಾದರೂ ಬೇಕಲ್ಲವೇ!