ನಮ್ಮ ಬಚ್ಚಲಿನ ನಾಣಿ

ಮಗಳು ಹಾಸ್ಟೆಲಿನಿಂದ ದಸರೆ ರಜೆಗೆ ಬಂದ ಮೂರನೇ ದಿನಕ್ಕೆ ನಾರಾಯಣಪೇಟೆಯ ನಮ್ಮ ಮನೆಯ ಬಚ್ಚಲು ಕೆರೆಯಾಯಿತು. ಶವರ್ ತಿರುವಿ ಐದು ನಿಮಿಷವಾಗುವಷ್ಟರಲ್ಲಿ ಹಿಮ್ಮಡಿ ಮುಳುಗಿ, ಸಾಬೂನಿನ ನೊರೆ ಹೊಸ್ತಿಲ ತನಕ ಬಂದು ಇಣುಕುತ್ತಿತ್ತು. ಬಕೆಟು ತಂಬಿಗೆಯ ಕಾಲದಲ್ಲಿ ಈ ತಂಟೆ ಗೊತ್ತೇ ಆಗಿರಲಿಲ್ಲ. ಬಕೆಟಿನ ತಳ ಕಂಡರೆ ಸ್ನಾನ ಮುಗಿಯಿತು. ನಾವು ಸೀರೆ ಸುತ್ತಿಕೊಳ್ಳುವಷ್ಟರಲ್ಲಿ ನೀರು ನಿಧಾನಕ್ಕೆ ತನ್ನ ದಾರಿ ಹಿಡಿದಿರುತ್ತಿತ್ತು.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮೊದಲು ಮಾಡಿದೆ. ಆಸಿಡ್ ಬಾಟಲಿ ತಂದು ಸುರಿದೆ. ಕಂಡಿಯೊಳಗೆ ಏನೂ ಆಗಲಿಲ್ಲ, ಸುತ್ತಲಿನ ಫರಸಿ ಮಾತ್ರ ಸೊಂಯ್ಯೆಂದು ಬುರುಗು ಕಾರಿತು. ತಾಂಡೂರಿನ ಕಲ್ಲು ಅದು, ಸುಣ್ಣದ ಜಾತಿಯದು; ಆಸಿಡ್ ಅದನ್ನು ತಿನ್ನುತ್ತದೆ, ಕಂಡಿಗೆ ಕಟ್ಟಿಕೊಂಡ ಕೂದಲನ್ನು ಕರಗಿಸುವುದಿಲ್ಲ. ಅತ್ತೆಯವರು ಆ ಕಲ್ಲನ್ನು ಈಗಲೂ ಶಾಬಾದ್ ಕಲ್ಲು ಅಂತಲೇ ಕರೆಯುವುದು. ತಪ್ಪೇನಿಲ್ಲ. 1956ರ ತನಕ ತಾಂಡೂರೂ ಶಾಬಾದಿನ ಹಾಗೆ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು, ಅತ್ತೆಯವರ ತವರು ಗದ್ವಾಲ ರಾಯಚೂರು ಜಿಲ್ಲೆಯಲ್ಲಿ. ರಾಜ್ಯಗಳ ಮರುವಿಂಗಡಣೆಯಲ್ಲಿ ನಕಾಶೆಯ ಗೆರೆ ಸರಿಯಿತು, ನೆಲದಡಿಯ ಕಲ್ಲಿನ ಪದರಕ್ಕೆ ಯಾರೂ ಹೇಳಲಿಲ್ಲ.

ಕೊನೆಗೆ ಮಕ್ತಲದಿಂದ ನಳದ ಮೇಸ್ತ್ರಿ ಬಂದ. ಬಗ್ಗಿ ನೋಡಿ, “ಅಕ್ಕಾ, ನಾಣಿ ತುಂಬ್ಯಾದ” ಅಂದ. ನನಗೆ ನಾಣಿ ಅಂದರೆ ನಾರಾಯಣ. ನಾರಾಯಣಪೇಟೆಯಲ್ಲಿ ಬಚ್ಚಲ ಕೆಳಗೂ ಒಬ್ಬ ನಾಣಿ ಕೂತಿದ್ದಾನಲ್ಲ ಎಂದು ನಗು ಬಂತು. ಮಗಳಿಗೆ ತೆಲುಗು ಸಿನಿಮಾದ ನಾನಿ ನೆನಪಾದ. ಅಸಲು ಅದು ನಹಾನಿ ಟ್ರ್ಯಾಪ್. ಮರಾಠಿಯಲ್ಲಿ ನ್ಹಾಣಿ ಅಂದರೆ ಬಚ್ಚಲು. ಶಿವಾಜಿಯ ದಂಡಿನೊಂದಿಗೆ ಬಂದ ನೇಕಾರರು ಇಲ್ಲೇ ಉಳಿದು ನಮ್ಮೂರ ಸೀರೆ ನೇಯತೊಡಗಿದರೆಂಬ ಮಾತು ಊರಲ್ಲಿದೆ. ಹಾಗಿರುವಾಗ ಮರಾಠಿ ಪದವೊಂದು ಬಚ್ಚಲು ಹೊಕ್ಕಿದ್ದು ಯಾವ ದೊಡ್ಡ ಮಾತು?

ಜಾಲರಿ ಎತ್ತಿದರೆ ಒಳಗೊಂದು ಬಟ್ಟಲು. ಅದರಲ್ಲಿ ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತಿರಬೇಕಂತೆ. ಆ ನೀರೇ ಬಾಗಿಲು: ಮೇಲಿನ ನೀರನ್ನು ಕೆಳಗೆ ಬಿಡುತ್ತದೆ, ಗಟಾರದ ನಾತವನ್ನು ಮೇಲೆ ಬಿಡುವುದಿಲ್ಲ. 1775ರಲ್ಲಿ ಲಂಡನ್ನಿನ ಗಡಿಯಾರದ ಕಸುಬುದಾರ ಅಲೆಕ್ಸಾಂಡರ್ ಕಮ್ಮಿಂಗ್ ಕಕ್ಕಸಿನ ಕೊಳವೆಯನ್ನು ಎಸ್ ಅಕ್ಷರದ ಹಾಗೆ ಬಗ್ಗಿಸಿ ಪೇಟೆಂಟ್ ಪಡೆದ, ಉಪಾಯ ಇದೇ. ಮುಳ್ಳು ಚಕ್ರಗಳ ನಡುವೆ ಕೂತವನಿಗೆ ಇದು ಹೇಗೆ ಹೊಳೆಯಿತೋ!

ಮಕ್ತಲದ ನನ್ನ ತವರಿನಲ್ಲಿ ಇಂಥ ಬಟ್ಟಲಿರಲಿಲ್ಲ. ಇಳಿಜಾರು ಹಾಸುಬಂಡೆ, ಗೋಡೆಯಲ್ಲೊಂದು ಕಂಡಿ, ಆಚೆಗೆ ಕರಿಬೇವಿನ ಗಿಡ. ನಾಲ್ಕು ಸಾವಿರ ವರ್ಷದ ಹಿಂದೆ ಮೊಹೆಂಜೊದಾರೊದ ಮನೆಗಳಲ್ಲೂ ಹೀಗೇ ಇಳಿಜಾರು ನೆಲ, ಗೋಡೆಯ ತೂಬು. ಕಲ್ಲಿನ ಬದಲು ಇಟ್ಟಿಗೆ, ಅಷ್ಟೇ. ಅಲ್ಲದೆ ನಮ್ಮಲ್ಲಿ ಕೂದಲು ಬಚ್ಚಲ ತನಕ ಬರುತ್ತಲೇ ಇರಲಿಲ್ಲ. ಅವ್ವ ಬಾಚಣಿಗೆಗೆ ಸಿಕ್ಕಿದ್ದನ್ನೆಲ್ಲ ಬೆರಳಿಗೆ ಸುತ್ತಿ ಉಂಡೆ ಮಾಡಿ ತೊಲೆಯ ಸಂದಿಗೆ ತುರುಕುತ್ತಿದ್ದಳು. ಬುಟ್ಟಿ ಹೊತ್ತವಳು ಓಣಿಗೆ ಬಂದಾಗ ಒಂದು ಮುಷ್ಟಿ ಕೂದಲಿಗೆ ನಾಲ್ಕು ಪಿನ್ನು. ಹೆಚ್ಚಿದ್ದರೆ ಅಲ್ಯೂಮಿನಿಯಂ ಬಟ್ಟಲು. ಆ ಬಟ್ಟಲಿಗಾಗಿ ನಾನೂ ಅಕ್ಕನೂ ದಿನಕ್ಕೆ ಮೂರು ಸಲ ತಲೆ ಬಾಚಿಕೊಂಡಿದ್ದುಂಟು.

ಮೇಸ್ತ್ರಿ ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಎಳೆದ. ಮೊದಲು ಶಾಂಪೂ ಚೀಟಿಯ ಹರಿದ ಮೂಲೆಗಳು ಬಂದವು. ಆಮೇಲೆ ಬೂದು ಬಣ್ಣದ ಗಸಿ. ಬ್ಯಾಳಿಯೂ ಬೇಯದ ನಮ್ಮ ಬೋರಿನ ಗಡಸು ನೀರು ಸಾಬೂನಿನೊಂದಿಗೆ ಕೂಡಿ ಕಟ್ಟಿದ ಜಿಡ್ಡು. ಅದರ ಹಿಂದೆ ನೂಲಿನ ಲಡಿಯ ಹಾಗೆ ಮೊಳದುದ್ದದ ಕೂದಲು. ಅಷ್ಟು ಹೊತ್ತೂ ಮಗಳ ಜಡೆಯನ್ನು ಬೈಯುತ್ತಿದ್ದವಳು ನಾನು, ಆ ಲಡಿಯಲ್ಲಿ ಬಿಳಿ ಎಳೆಗಳೂ ಧಾರಾಳ ಕಂಡ ಮೇಲೆ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಎರಡು ಬಕೆಟು ನೀರು ಗೊಳಕ್ಕೆಂದು ಇಳಿಯಿತು. ಲಡಿಯನ್ನು ಹಳೆ ಪೇಪರಿನಲ್ಲಿ ಸುತ್ತಿ ತಿಪ್ಪೆಗೆ ಎಸೆದು ಬಂದೆ. ಸಂಜೆ ಓಣಿಯಲ್ಲಿ ಬೈಕಿಗೆ ಕಟ್ಟಿದ ಮೈಕು ಕೂಗಿತು: “ವೆಂಟ್ರುಕಲು ಕೊಂಟಾಂ!” ಕೂದಲು ಕೊಳ್ಳುತ್ತೇವೆ ಅಂತ, ತೆಲುಗಿನಲ್ಲಿ. ಅತ್ತೆಯವರು ಜಪ ಬಿಟ್ಟು ಎದ್ದು ಬಂದರು.

“ಏನವಾ, ಅದನ್ನ ಒಗದೇ ಬಿಟ್ಟಿ ಏನು? ತೊಳದು ಒಣಗಿಸಿದ್ರ ಒಂದು ಸ್ಟೀಲಿನ ಡಬ್ಬಿ ಬರ್ತಿತ್ತಲ್ಲ!”