ಬಾಗಿಲಲ್ಲಿ ನಿಂತ ಹುಡುಗನು

ಲಕ್ನೋ ನಗರದ ಇಸಬೆಲ್ಲಾ ಥೋಬರ್ನ್ ಕಾಲೇಜಿಗೆ ಮೂಲವಾದ ಶಾಲೆಯು 1870ರಲ್ಲಿ ಅಮೀನಾಬಾದ್ ಬಜಾರಿನ ಒಂದು ಕೋಣೆಯಲ್ಲಿ ಆರು ಮಂದಿ ಹುಡುಗಿಯರೊಡನೆ ಆರಂಭವಾಯಿತು. ಥೋಬರ್ನ್ ಮಿಸ್ಸಮ್ಮನವರು ಒಳಗೆ ಪಾಠ ಹೇಳುತ್ತಿರಲು, ಬಾಗಿಲಲ್ಲಿ ಒಬ್ಬ ಹುಡುಗನು ಬಿದಿರುಕೋಲನ್ನು ಹಿಡಿದು ಕಾವಲು ನಿಂತಿದ್ದನಂತೆ. ಅಲ್ಲಿಯೇ ಓದಿ ಅಲ್ಲಿಯೇ ಉಪಾಧ್ಯಾಯಿನಿಯಾದ ಲೀಲಾವತಿ ಸಿಂಗರು 1900ರಲ್ಲಿ ನ್ಯೂಯಾರ್ಕಿನ ಮಿಶನ್ ಮಹಾಸಭೆಯಲ್ಲಿ ಮಾತನಾಡಿ ಕೀರ್ತಿ ಪಡೆದರು. ಅವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗಾದರೋ ಆ ಕೋಲಿನ ಹುಡುಗನೇ ಹೆಚ್ಚು ಪ್ರಿಯನು. ನಾನೋದಿದ ಕಥೆಯಲ್ಲಿ ಅವನ ಹೆಸರಿಲ್ಲ.

ನಮ್ಮ ಶಾಲೆಯ ಹಳೆಯ ದಫ್ತರದಲ್ಲಿಯೂ, ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆತರುತ್ತಿದ್ದ ಆಯಾಗಳ ಹೆಸರುಗಳಿಲ್ಲ. ಸಂಬಳದ ಮೊತ್ತ ಮಾತ್ರ ಉಂಟು. ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ಕೈಹಿಡಿದು ಕರೆತಂದವಳ ಹೆಸರು ನೆನಪಿದ್ದರೆ ದಯಮಾಡಿ ಬರೆದು ಕಳುಹಿಸಿರಿ.