ಬಾಕಿ ಲೆಕ್ಕ

ದೊಡ್ಡಪ್ಪ ತೀರಿಕೊಂಡ ಒಂಬತ್ತನೆಯ ದಿನ ನನ್ನ ತಲೆಗೆ ಅರ್ಧ ಪುಟದ ಕೆಲಸವೊಂದು ಬಿತ್ತು. ಹದಿಮೂರನೆಯ ದಿನ ಊಟಕ್ಕೆ ಬಂದವರಿಗೆ ಹಂಚುವ ನುಡಿನಮನದ ಹಾಳೆ. ಒಂದು ಬದಿಯಲ್ಲಿ ಫೋಟೋ, ಇನ್ನೊಂದು ಬದಿಯಲ್ಲಿ ತೊಂಬತ್ತೆರಡು ವರ್ಷದ ಬದುಕು. ಪ್ರೆಸ್ಸಿನವನು ಮಾದರಿಗೆಂದು ಯಾರದೋ ಹಳೆಯ ಹಾಳೆಯನ್ನು ವಾಟ್ಸಾಪ್ ಮಾಡಿದ್ದ. "ಹೆಸರು, ತಾರೀಕು ಬದಲಿಸಿ ಸರ್. ಉಳಿದದ್ದು ಎಲ್ಲರಿಗೂ ಆಗ್ತದೆ" ಎಂದ. ಓದಿ ನೋಡಿದರೆ ಅವನ ಮಾತು ನಿಜವೇ. ಆದರ್ಶ ಗೃಹಸ್ಥರು, ಕುಟುಂಬವತ್ಸಲರು, ಸಮಾಜದ ಮುಂದಾಳುಗಳು. ನಮ್ಮ ತಾಲೂಕಿನಲ್ಲಿ ಸತ್ತವರೆಲ್ಲ ಒಂದೇ ಅಚ್ಚಿನಲ್ಲಿ ಹುಯ್ದವರು.

ಚಾವಡಿಯ ಬೆಂಚಿನಲ್ಲಿ ಕಾಲು ನೀಡಿ ಕೂತಿದ್ದ ದೊಡ್ಡಮ್ಮನಿಗೆ ಓದಿ ಹೇಳಿದೆ.

"ಕುಟುಂಬವತ್ಸಲ ಅಂದ್ರೆ ಎಂತ?"

"ಮನೆಯವರ ಮೇಲೆ ಪ್ರೀತಿ ಇರುವವರು."

"ಯಾವ ಮನೆಯವರ ಮೇಲೆ ಅಂತ ಬರೀಲಿಕ್ಕೆ ಜಾಗ ಉಂಟಾ?" ಎಂದು ಕೇಳಿ, ಕವಳದ ತಟ್ಟೆ ಹತ್ತಿರ ಎಳೆದುಕೊಂಡರು.

ದೊಡ್ಡಮ್ಮನ ಪ್ರಶ್ನೆಗೆ ಕಾರಣವಿತ್ತು. ವಿಟ್ಲದ ಆಚೆ ಕಡೆಯ ನಮ್ಮ ತೋಟದ ಮನೆಯಲ್ಲಿ ದೊಡ್ಡಪ್ಪ ಇರುತ್ತಿದ್ದುದು ಕತ್ತಲಾದ ಮೇಲೆ. ಅದೂ ಎಲ್ಲ ದಿನ ಅಲ್ಲ. ಸೊಸೈಟಿಯ ಮೀಟಿಂಗು, ಶಾಲೆಯ ಮಾಡಿನ ಹಂಚು, ಅಣ್ಣತಮ್ಮಂದಿರ ಪಾಲುಪಟ್ಟಿ, ಯಾರದೋ ಮಗಳ ಜಾತಕ, ಮತ್ಯಾರದೋ ಗಡಿಯ ಬೇಲಿ. ನಮಗೆ ಗೊತ್ತಿದ್ದ ದೊಡ್ಡಪ್ಪನೆಂದರೆ ಗುಡ್ಡೆಯ ಓಣಿಯಲ್ಲಿ ಇಳಿದು ಬರುವ ಒಂದು ಬೆಳಕು. ಮೂರು ಸೆಲ್ಲಿನ ಎವರೆಡಿ ಟಾರ್ಚು. ಆ ಬೆಳಕು ಅಡಿಕೆ ಮರಗಳ ನಡುವೆ ಕಂಡು, ಮಾಯವಾಗಿ, ತೋಡಿನ ಸಂಕದ ಹತ್ತಿರ ಮತ್ತೆ ಕಂಡಿತೆಂದರೆ ದೊಡ್ಡಮ್ಮ ಸಾರು ಬಿಸಿಗಿಡುತ್ತಿದ್ದರು. ವಿಶ್ವೇಶ್ವರಯ್ಯನವರ ಎರಡು ಮೇಣದ ಬತ್ತಿಯ ಕತೆಯನ್ನು, ಸರಕಾರದ ಕೆಲಸಕ್ಕೆ ಒಂದು ಸ್ವಂತಕ್ಕೆ ಒಂದು ಎಂಬುದನ್ನು, ಶಾಲೆಯಲ್ಲಿ ಕೇಳಿಬಂದು ನಾನೊಮ್ಮೆ ಊಟದ ಹೊತ್ತಿಗೆ ಹೇಳಿದೆ. "ನಮ್ಮಲ್ಲಿ ಒಂದೇ ಟಾರ್ಚು, ಸೆಲ್ಲು ಮನೆಯದ್ದು, ಬೆಳಕು ಸೊಸೈಟಿಗೆ" ಎಂದು ದೊಡ್ಡಮ್ಮ ಒಳಗಿನಿಂದಲೇ ಹೇಳಿದರು. ದೊಡ್ಡಪ್ಪ ಮಜ್ಜಿಗೆ ಸುರಿದುಕೊಂಡರು.

ಅವರಿಗೆ ಒಂದು ಭಾಷಣ ಬಾಯಿಗೆ ಬರುತ್ತಿತ್ತು. ಒಂದೇ. ಶಾಲೆಯ ವಾರ್ಷಿಕೋತ್ಸವವಿರಲಿ, ಭಜನಾಮಂದಿರದ ಪ್ರತಿಷ್ಠೆಯಿರಲಿ, "1905ನೇ ಇಸವಿಯಲ್ಲಿ ಗದಗದ ಹತ್ತಿರ ಕಣಗಿನಹಾಳ ಎಂಬ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು..." ಎಂದೇ ಆರಂಭ. ಅಲ್ಲಿಂದ ಪುತ್ತೂರಿನ ಮೊಳಹಳ್ಳಿ ಶಿವರಾಯರಿಗೆ ಬಂದು, ಒಬ್ಬ ವಕೀಲ ಊರೂರು ತಿರುಗಿ ಸೊಸೈಟಿ ಕಟ್ಟಿಸಿದ್ದನ್ನು ಹೇಳಿ, ಗಂಟಲು ಸರಿಮಾಡಿಕೊಂಡು ಕೂರುತ್ತಿದ್ದರು. ಮಕ್ಕಳಾದ ನಾವು ಚಾವಡಿಯಲ್ಲಿ ಆ ಭಾಷಣದ ಆಟ ಆಡುತ್ತಿದ್ದೆವು. ಅಜ್ಜನ ಶಾಲು ಹೊದ್ದು ಅಧ್ಯಕ್ಷರಾಗುವುದು ಯಾರು ಎಂಬುದಕ್ಕೇ ಜಗಳ. ಸಹಕಾರ ಎಂದರೇನೆಂದು ನಮಗೆ ತಿಳಿದಿರಲಿಲ್ಲ. ಕಣಗಿನಹಾಳ ಎಂದರೆ ಕಾಶಿ ರಾಮೇಶ್ವರದ ಸಾಲಿನ ಯಾವುದೋ ಕ್ಷೇತ್ರ ಎಂದುಕೊಂಡಿದ್ದೆ.

ಅದು ತಮಾಷೆಯಲ್ಲ ಎಂದು ಗೊತ್ತಾದದ್ದು ಧಾರಣೆ ಬಿದ್ದಾಗ. 70ರ ಆಚೀಚೆ ಅಡಿಕೆಯನ್ನು ಕೇಳುವವರಿಲ್ಲದ ಹಾಗಾಯಿತು. ಅಂಗಳದಲ್ಲಿ ನಲವತ್ತು ದಿನ ಒಣಗಿಸಿ, ಸುಲಿದು, ಹೊಸತು, ಪಟೋರ, ಕರಿಗೋಟು ಎಂದು ಬೇರೆಬೇರೆ ಗೋಣಿ ಹೊಲಿದಿಟ್ಟರೆ ವ್ಯಾಪಾರಿ ಗೋಣಿಗೆ ಬೆರಳು ಹಾಕಿ ನೋಡಿ ಸುಮ್ಮನೆ ಹೋಗುತ್ತಿದ್ದ. ಆಗ ಹುಟ್ಟಿದ್ದು ಕ್ಯಾಂಪ್ಕೊ. 1973ರ ಜುಲೈ 11ಕ್ಕೆ, ಮಂಗಳೂರಿನಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿ. ಮುಂದೆ ನಿಂತವರು ವಾರಣಾಸಿ ಸುಬ್ರಾಯ ಭಟ್ಟರು. ದೊಡ್ಡಪ್ಪನಂಥವರು ಹಿಂದೆ ನಿಂತ ನೂರಾರು ಮಂದಿ. ಷೇರಿನ ಹಣಕ್ಕೆ ಗುಡ್ಡೆ ಹತ್ತಿ ಇಳಿದವರು. ಧಾರಣೆ ಬಿದ್ದಾಗ ಬೆಳೆಗಾರನ ಕೈಯಿಂದ ಹಣ ಹೊರಡಿಸುವುದಕ್ಕಿಂತ ಕಗ್ಗಲ್ಲಿನಿಂದ ನೀರು ತೆಗೆಯುವುದು ಸುಲಭ. ಬೆಳಗ್ಗೆ ಹೋದವರು ರಾತ್ರಿ ಬಂದು ಜಗಲಿಯಲ್ಲಿ ಕಾಲು ತೊಳೆಯುವಾಗ ದೊಡ್ಡಮ್ಮ ಕೇಳುವುದು, "ಇವತ್ತು ಎಷ್ಟು?" ಅವರ ಉತ್ತರ, "ಮೂರು ಮನೆಯಲ್ಲಿ ಕಾಫಿ."

ಇನ್ನೊಂದು ಸಂಗತಿಯನ್ನು ನಮ್ಮ ಮನೆಯಲ್ಲಿ ಬಹಳ ವರ್ಷ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. 1974ರ ಮಾರ್ಚ್ 1ರಿಂದ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂತು. ಗೇಣಿ ಒಕ್ಕಲು ಫಾರಂ ನಂಬರ್ 7 ತುಂಬಿಸಿ ಕೊಟ್ಟರೆ ವಿಷಯ ಭೂ ನ್ಯಾಯಮಂಡಳಿಗೆ ಹೋಗುತ್ತಿತ್ತು. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಎಂದು ಹೆಸರು; ಆ ಶಬ್ದ ಕಿವಿಗೆ ಬಿದ್ದರೆ ಎಷ್ಟೋ ಮನೆಗಳಲ್ಲಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತೋಟ ನಮ್ಮದೇ ಸಾಗುವಳಿ, ಆದರೆ ಕೆಳಗಿನ ಬೈಲಿನ ಗದ್ದೆ ಚಾಲಗೇಣಿಗೆ ಕೊಟ್ಟದ್ದು. ವರ್ಷದ ಅಕ್ಕಿ ಬರುತ್ತಿದ್ದುದು ಅಲ್ಲಿಂದ.

ಒಂದು ಸಂಜೆ ಆ ಒಕ್ಕಲು ಬಂದು ಅಂಗಳದ ತುದಿಯಲ್ಲಿ ನಿಂತ. ಕಂಕುಳಲ್ಲಿ ಮಡಚಿದ ಕಾಗದ. ಊರಲ್ಲಿ ಯಾವ ಫಾರಂ ಇದ್ದರೂ ತುಂಬಿಸುತ್ತಿದ್ದವರು ದೊಡ್ಡಪ್ಪನೇ. ಮನಿಯಾರ್ಡರಿನಿಂದ ಹಿಡಿದು ಸಾಲದ ಅರ್ಜಿಯವರೆಗೆ ಅವರ ದುಂಡು ಅಕ್ಷರವೇ ಬೇಕು. ಅವನಿಗೂ ಬೇರೆ ಯಾರ ಹತ್ತಿರ ಹೋಗುವುದೆಂದು ತೋಚಿರಲಿಕ್ಕಿಲ್ಲ. ಅಥವಾ ತೋಚಿಯೂ ಇಲ್ಲಿಗೇ ಬಂದನೋ ಏನೋ. ದೊಡ್ಡಪ್ಪ ಕಾಗದವನ್ನು ಬಿಡಿಸಿ ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮತ್ತೆ ಕನ್ನಡಕ ತರಲು ನನ್ನನ್ನು ಕಳುಹಿಸಿದರು. ಸರ್ವೆ ನಂಬರನ್ನು ಅವರು ಪಟ್ಟೆ ಪುಸ್ತಕ ನೋಡದೆ ಬರೆದರು. ಭೂಮಾಲಿಕರ ಹೆಸರು ಎಂಬಲ್ಲಿ ತಮ್ಮ ಹೆಸರು, ತಂದೆಯ ಹೆಸರು, ವಾಸದ ಊರು, ಒಂದಕ್ಷರ ತಪ್ಪಿಲ್ಲದೆ ಬರೆದು, ಹೆಬ್ಬೆಟ್ಟಿಗೆ ಮಸಿಯನ್ನೂ ತಾವೇ ಸವರಿದರು.

ಒಳಗೆ ಅಜ್ಜ ಹಲಗೆಯ ಮೇಲೆ ಎದ್ದು ಕೂತಿದ್ದರು. ಅಪ್ಪ ಅಂದು ಉಣ್ಣಲಿಲ್ಲ. "ಸಮಾಜಸೇವೆ ಮಾಡಲಿ, ಬೇಡ ಹೇಳುವುದಿಲ್ಲ. ಹೊಟ್ಟೆಗೆ ಹೊಡೆದುಕೊಂಡು ಎಂಥದ್ದು?" ಎಂಬ ಮಾತು ಕತ್ತಲಲ್ಲಿ ಕೇಳಿದ್ದು ನನಗೆ ನೆನಪಿದೆ, ದೊಡ್ಡಪ್ಪನ ಉತ್ತರವೂ. "ಓದಲಿಕ್ಕೆ ಬಾರದವ ಕಾಗದ ಹಿಡಿದು ಬಂದಾಗ, ಇದರಲ್ಲಿ ನನ್ನ ಹೆಸರುಂಟು, ಬೇರೆಯವರ ಹತ್ತಿರ ಹೋಗು ಅನ್ನುವುದಾ?" ಮಾರನೆಯ ವರ್ಷದಿಂದ ನಾವು ಅಂಗಡಿಯ ಅಕ್ಕಿ ಉಂಡೆವು. ಅದರಲ್ಲಿ ಕಲ್ಲು ಹೆಚ್ಚು. ಅಕ್ಕಿ ಆರಿಸುತ್ತ ಕಲ್ಲು ಸಿಕ್ಕಿದಾಗಲೆಲ್ಲ ದೊಡ್ಡಮ್ಮ "ಅಧ್ಯಕ್ಷರದ್ದು" ಎಂದು ಬದಿಗೆ ಎಸೆಯುತ್ತಿದ್ದರು.

ಇವತ್ತಿಗೂ ಆ ಸಂಜೆಯನ್ನು ಪೂರ್ತಿ ದೊಡ್ಡಪ್ಪನ ಪರವಾಗಿ ತೀರ್ಮಾನಿಸಲು ನನ್ನಿಂದ ಆಗಿಲ್ಲ. ಗದ್ದೆ ಹೇಗೂ ಹೋಗುವುದೇ ಇತ್ತು, ಹೋಗಬೇಕಾದದ್ದೇ ಸರಿ. ಆದರೆ ಮನೆಯವರನ್ನು ಕರೆದು ಒಂದು ಮಾತು ಹೇಳಿ ಬರೆಯಬಹುದಿತ್ತು. ಹಾಗೆ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಊರಿನ ಜಗಳದಲ್ಲಿ ಎರಡೂ ಕಡೆಯ ಮಾತು ಕೇಳಿ ಕೇಳಿ, ಮನೆಗೆ ಬರುವಾಗ ಅವರ ಕಿವಿ ತುಂಬಿರುತ್ತಿತ್ತು.

ಕುಟುಂಬವತ್ಸಲ ಎಂಬುದಕ್ಕೆ ನನ್ನ ಬಳಿ ಇದ್ದ ಸಾಕ್ಷಿ ತೀರ ಚಿಲ್ಲರೆಯದು. ಮೀಟಿಂಗಿನಲ್ಲಿ ಕೊಟ್ಟ ತಿಂಡಿಯನ್ನು ಅವರು ಯಾವತ್ತೂ ಅಲ್ಲಿ ತಿಂದವರಲ್ಲ. ಎರಡು ಗೋಳಿಬಜೆ, ಒಂದು ತುಂಡು ಮೈಸೂರುಪಾಕು, ಪೇಪರಿನಲ್ಲಿ ಸುತ್ತಿ ಜುಬ್ಬದ ಕಿಸೆಯಲ್ಲಿ ಬರುತ್ತಿತ್ತು. ಎಣ್ಣೆಯ ಕಲೆ ಹೋಗದ ಆ ಕಿಸೆಯ ಬಗ್ಗೆ ದೊಡ್ಡಮ್ಮನ ದೂರು ಬೇರೆ. ಮನೆಯಲ್ಲಿ ಏಳು ಮಕ್ಕಳು. ಅಡಕತ್ತರಿಯಲ್ಲಿ ಮೈಸೂರುಪಾಕನ್ನು ಏಳು ಮಾಡುವಾಗ ಅವರ ಮುಖದಲ್ಲಿ ಪಾಲುಪಟ್ಟಿಯ ಗಾಂಭೀರ್ಯವೇ. ಪುಡಿಯಾದದ್ದು ತನ್ನ ಮಗನಿಗೆ, ಗಟ್ಟಿ ತುಂಡು ತಮ್ಮಂದಿರ ಮಕ್ಕಳಿಗೆ. ಆ ಮಗ, ಈಗ ಅರುವತ್ತು ದಾಟಿದವ, ಮೊನ್ನೆಯೂ ಇದನ್ನು ಹೇಳಿ ನಕ್ಕ, ಪೂರ್ತಿ ನಗಲಿಲ್ಲ.

80ರ ಆಸುಪಾಸಿನಲ್ಲಿ ಕೊಕ್ಕೊದ ಪೇಚಾಟವೂ ಬಂತು. ಅಡಿಕೆಯ ನಡುವೆ ನೆಡಿ ಎಂದು ಹುರಿದುಂಬಿಸಿದವರೇ ಕೊಳ್ಳಲು ಹಿಂದೆಗೆದು, ಕೋಡುಗಳು ಮರದಲ್ಲೇ ಅಳಿಲಿನ ಪಾಲಾದವು. ಕ್ಯಾಂಪ್ಕೊ ಕೊಕ್ಕೊಗೂ ಕೈ ಹಾಕಿ, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯೇ ಶುರುವಾಯಿತು. ಉದ್ಘಾಟನೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಬಂದಿದ್ದರು. ಆ ಕಾರ್ಖಾನೆಯ ಚಾಕಲೇಟೊಂದು ಮೊದಲ ಬಾರಿ ನಮ್ಮ ಮನೆಗೆ ಬಂದದ್ದೂ ಜುಬ್ಬದ ಕಿಸೆಯಲ್ಲೇ. ನಾವೆಲ್ಲ ಮೀಸೆ ಬಂದವರು, ಮದುವೆಗೆ ಬಂದವರು. ಆದರೂ ಅಡಕತ್ತರಿ ಹೊರಬಂತು. ಸಾಲಾಗಿ ಕೂತು ಕೈ ನೀಡಿದೆವು. ದೊಡ್ಡಮ್ಮನಿಗೂ ಒಂದು ಚೂರು. ಬಾಯಿಗೆ ಹಾಕಿ, "ಇದಕ್ಕಾ ನೀವು ಇಷ್ಟು ವರ್ಷ ತಿರುಗಿದ್ದು?" ಎಂದರು. ಆ ಮಾತಿಗೆ ದೊಡ್ಡಪ್ಪ ನಕ್ಕದ್ದು ನೆನಪಿದೆ. ಅವರು ಹಲ್ಲು ಕಾಣುವಂತೆ ನಗುವುದು ಅಪರೂಪ.

ಹಾಳೆಗೆ ತಾರೀಕುಗಳು ಬೇಕಿದ್ದವು. ಅವರ ಮರದ ಪೆಟ್ಟಿಗೆ ತೆಗೆದೆ. ಷೇರು ಸರ್ಟಿಫಿಕೇಟು, ಮೊಳಹಳ್ಳಿ ಶಿವರಾಯರ ಮಾಸಿದ ಚಿತ್ರ, ಸೆಲ್ಲು ಸೋರಿ ತುಕ್ಕು ಹಿಡಿದ ಟಾರ್ಚು, ಅಡಿಯಲ್ಲಿ ಒಂದು ಉದ್ದ ನೋಟ್ ಬುಕ್ಕು. ಮೇಲೆ ದೊಡ್ಡಮ್ಮನ ಹೆಸರು. ಒಳಗೆ ಸೊಸೈಟಿಯ ಲೆಜ್ಜರಿನಂತೆ ಗೆರೆ ಎಳೆದು ಬರೆದ ಲೆಕ್ಕ. ಟಾರ್ಚಿನ ಸೆಲ್ 3, ಮನೆ ಖರ್ಚಿನಿಂದ. ಪುತ್ತೂರಿಗೆ ಬಸ್ಸು, ಮನೆ ಖರ್ಚಿನಿಂದ. ಅಡಿಕೆ ಕೊಳೆತ ವರ್ಷ ಇಬ್ಬರ ಷೇರಿನ ಹಣ, ಇವಳ ಹಾಲಿನ ದುಡ್ಡಿನಿಂದ. ಅಕ್ಕಿ, ವರ್ಷಕ್ಕೆ ಇಷ್ಟು ಮುಡಿ, ಗದ್ದೆ ಹೋದ ಬಾಬ್ತು. ಪ್ರತಿ ಸಾಲಿನ ಕೊನೆಗೆ ‘ಕೊಡಲು ಬಾಕಿ’. ತೀರಿಸಿದ ಗುರುತು ಎಲ್ಲೂ ಇಲ್ಲ.

ದೊಡ್ಡಮ್ಮನಿಗೆ ಕಣ್ಣು ಮಂಜು. ಓದಿ ಹೇಳಲೋ ಬೇಡವೋ ಎಂದು ಯೋಚಿಸಿ ಓದಿದೆ. ಅಕ್ಕಿಯ ಸಾಲಿಗೆ ಬಂದಾಗ ಅವರು ಅಡಿಕೆ ಹೋಳು ಮಾಡುವುದನ್ನು ನಿಲ್ಲಿಸಿದರು. ಅಂಗಳದಲ್ಲಿ ಯಾರೋ ಚಪ್ಪರದ ಕಂಬಕ್ಕೆ ಗುಂಡಿ ತೋಡುತ್ತಿದ್ದರು. ಆ ಸದ್ದು ಸ್ವಲ್ಪ ಹೊತ್ತು ಕೇಳಿತು.

"ಬಡ್ಡಿ ಹಾಕಿದ್ದಾರಾ ನೋಡು" ಎಂದರು.

ಕೊನೆಯ ಪುಟ ತಿರುಗಿಸಿದೆ. ಹಾಕಿದ್ದರು, ಸೊಸೈಟಿಯ ದರದಲ್ಲೇ.